ನಾನು ‘ಅಕಿ’ ಎಂದ ಬಾಯಾರು

ಹೋದ ತಿಂಗಳು ನಮ್ಮ ಮನೆಗೆ ಒಂದು ಸಣ್ಣ ಪುಸ್ತಕ ಬಂತು. ಹಳೆಯ ನಾಟಕ ಕಂಪನಿಗಳಲ್ಲಿ ಹಾಡುತ್ತಿದ್ದ ಹೆಣ್ಣುಮಕ್ಕಳ ಬಗ್ಗೆ ಕಾಲೇಜಿನ ಮೇಡಂ ಒಬ್ಬರು ಬರೆದದ್ದು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಒಂದು ಪುಟ ಮುಗಿಸಲು ನನಗೆ ಅರ್ಧ ತಾಸು ಬೇಕು. ಅದರಲ್ಲಿ ಗೋಕಾಕದ ನಮ್ಮ ಬಾಯಾರ ಬಗ್ಗೆ ಎರಡು ಪುಟ ಇದ್ದವು. ಯಾವ ಯಾವ ಊರಲ್ಲಿ ಹಾಡಿದರು, ಎಷ್ಟು ಹೆಸರು ಮಾಡಿದರು, ಎಲ್ಲ ಬರೆದು ಕೊನೆಗೆ ಹೀಗೆ ಬರೆದಿದ್ದರು: ಇಂಥ ಗಾಯಕಿ ಕೊನೆಗಾಲದಲ್ಲಿ ಕಂಡವರ ಮನೆಯ ಮುಸುರೆ ತಿಕ್ಕಿ ಬದುಕಬೇಕಾಯಿತು, ಇದು ಕಲಾವಿದರ ವಿಧಿ.

ಸೊಸೆ ನನ್ನ ಹೆಗಲ ಮೇಲಿಂದ ಓದಿ ಲೊಚಗುಟ್ಟಿದಳು. ನಾನು ಪುಸ್ತಕ ಮುಚ್ಚಿಟ್ಟು ಊಟ ಮಾಡಿದೆ. ಊಟ ಸೇರಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಸೇರಿತು, ಎರಡು ರೊಟ್ಟಿ ತಿಂದೆ.

ಆಮೇಲೆ ಮೊಮ್ಮಗಳ ಕೈಯಿಂದ ಮೇಡಂ ಅವರಿಗೆ ಫೋನು ಹಚ್ಚಿಸಿದೆ. ಬರೆದದ್ದರಲ್ಲಿ ಏನಾದರೂ ಸುಳ್ಳಿದೆಯೇ ಎಂದು ಅವರು ಗಾಬರಿಯಿಂದ ಕೇಳಿದರು. ಮುಸುರೆ ತಿಕ್ಕಿದ್ದು ಖರೆ, ವಿಧಿ ಎಂದಿದ್ದು ಸುಳ್ಳು ಎಂದೆ. ವಿಧಿಯಲ್ಲದಿದ್ದರೆ ಮತ್ತೇನು ಎಂದರು.

“ನಾನ್ರಿ,” ಎಂದೆ.

ಅವರಿಗೆ ತಿಳಿಯಲಿಲ್ಲ. ಫೋನಿನಲ್ಲಿ ತಿಳಿಸುವ ಮಾತೂ ಅದಾಗಿರಲಿಲ್ಲ. ಬರೆದು ಕಳಿಸಿ, ಮುಂದೆ ಅಚ್ಚು ಹಾಕಿಸುವಾಗ ನೋಡೋಣ ಎಂದರು. ಅದಕ್ಕೆ ಬರೆಯುತ್ತಿದ್ದೇನೆ. ಮೊಮ್ಮಗಳು ಅಕ್ಷರ ತಿದ್ದಿದ್ದಾಳೆ. ಮಾತು ತಿದ್ದಿದರೆ ಕೈ ಮುರಿಯುತ್ತೇನೆ ಎಂದು ಹೇಳಿದ್ದೇನೆ.

ಬಾಯಾರು ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಹಾಡುವ ಬಾಯಿಗೆ ಗೌರವ ಹಚ್ಚಿ ಬಾಯಾರು ಎನ್ನುತ್ತಿದ್ದೆವು, ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ದಿನ ಹೇಳದವಳು ಈಗ ಹೇಳಿದರೆ ಅದು ನನ್ನ ದೊಡ್ಡಸ್ತಿಕೆ ಆಗುತ್ತದೆ.

ನನಗೆ ಎಂಟು ವರ್ಷವಿದ್ದಾಗ ಅವರು ನಮ್ಮ ಮನೆಯ ಹಿಂದಿನ ಎರಡು ಕೋಣೆಗೆ ಬಾಡಿಗೆ ಬಂದರು. ಆಗಲೇ ಐವತ್ತರ ಹತ್ತಿರ ಇದ್ದರು. ಸಾಮಾನು ಎಂದರೆ ಒಂದು ಕಬ್ಬಿಣದ ಟ್ರಂಕು, ಒಂದು ಹಾರ್ಮೋನಿಯಂ ಪೇಟಿ, ಕುಬಸ ಹೊಲಿಯುವ ಒಂದು ಕೈಮಷಿನ್ನು. ಅಪ್ಪನದು ಕಿರಾಣಿ ಅಂಗಡಿ. ಬಾಡಿಗೆದಾರರ ಜಾತಿ ಕೇಳುವುದು ಓಣಿಯ ರೂಢಿ. ಕೇಳಿದ್ದಕ್ಕೆ ಬಾಯಾರು “ಕಂಪನಿ ಜಾತಿ ರಿ” ಎಂದರಂತೆ. ಅಪ್ಪ ನಕ್ಕು ಕೀಲಿ ಕೊಟ್ಟ.

ಎತ್ತರದ ಹೆಂಗಸು. ಬೆನ್ನು ಒಲೆಯ ಮುಂದೆ ಕುಂತಾಗಲೂ ಬಾಗುತ್ತಿರಲಿಲ್ಲ. ಯಾರ ಜೊತೆ ಮಾತಾಡಿದರೂ ಪೂರಾ ಮುಖ ತಿರುಗಿಸಿ ಮಾತಾಡುತ್ತಿದ್ದರು, ಉಪ್ಪು ಕೇಳಲು ಬಂದ ಹುಡುಗಿಯ ಜೊತೆಗೂ ಸಹ. ಮಾತು ಮುಗಿಸಿ ಒಳಗೆ ಹೋಗುವಾಗ ಬೆನ್ನು ತೋರಿಸದೆ ಅಡ್ಡಡ್ಡ ನಡೆದು ಹೋಗುತ್ತಿದ್ದರು. ಓಣಿಯ ಹೆಂಗಸರು ಏಡಿ ನಡದಂಗ ನಡೀತಾರ ಎಂದು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದರು. ಮೂವತ್ತು ವರ್ಷ ರಂಗದ ಮೇಲೆ ನಿಂತವರಿಗೆ ಮಂದಿಗೆ ಬೆನ್ನು ಮಾಡಲು ಬರುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಗಂಟಲಿನ ಕಾಳಜಿ ಅಂದರೆ ಅತಿ. ಮಜ್ಜಿಗೆ ಇಲ್ಲ, ಹುಣಸೆಹಣ್ಣು ಇಲ್ಲ, ತಂಪು ನೀರು ಇಲ್ಲ. ಮೇ ತಿಂಗಳ ಬಿಸಿಲಲ್ಲೂ ಕೊರಳಿಗೆ ಒಂದು ಬಟ್ಟೆ. ಹಾಡು ಬಿಟ್ಟು ಹತ್ತು ವರ್ಷವಾಗಿತ್ತು, ಇನ್ನೂ ಮೆಣಸಿನ ಬಿಸಿನೀರು ಕುಡಿಯುತ್ತಿದ್ದರು. ನಮ್ಮವ್ವ ಒಂದು ಸಲ, ಇನ್ನ ಯಾರಿಗೆ ಹಾಡಬೇಕಾಗೇತ್ರಿ ಬಾಯಾರ, ಒಂದೀಟು ಮಜ್ಜಿಗಿ ಕುಡೀರಿ ಎಂದಳು. ಕಂಪನಿ ಯಾವಾಗ ಕರೆಯುತ್ತದೋ ಹೇಳಲಿಕ್ಕೆ ಬರುವುದಿಲ್ಲ ಎಂದರು. ಕಂಪನಿ ಮುಚ್ಚಿ, ಮಾಲಕರು ಸತ್ತು, ತಗಡು ಕಂಬ ಎಲ್ಲ ಹರಾಜಾಗಿದ್ದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಒಂಬತ್ತು ವರ್ಷಕ್ಕೆ ಕಂಪನಿ ಸೇರಿದವರು. ಮೈಕು ಇಲ್ಲದ ಕಾಲ. ತಗಡಿನ ಥಿಯೇಟರು, ಮುಂದೆ ಖುರ್ಚಿ, ನಡುವೆ ಬಾಕು, ಹಿಂದೆ ನೆಲ. ನೆಲದವರ ಹಿಂದೆ ಚಕ್ಕಡಿ ಬಿಟ್ಟುಕೊಂಡು ನಿಂತವರು. ಹಾಡಿದರೆ ಚಕ್ಕಡಿಯ ತನಕ ಮುಟ್ಟಬೇಕು. ಅವರ ಶ್ರುತಿ ಕಾಳಿ ಪಾಂಚ್, ಅಂದರೆ ಪೇಟಿಯ ಐದನೆಯ ಕರಿ ಮನೆ. ಗಂಡಸರೂ ಅಷ್ಟು ಮೇಲೆ ಹಾಡಲು ಅಂಜುತ್ತಿದ್ದರಂತೆ. ಕುಲಗೋಡದಲ್ಲಿ ಒಮ್ಮೆ ಅವರು ಸ್ವರ ಹಿಡಿದದ್ದಕ್ಕೆ ಹೊರಗೆ ಕಟ್ಟಿದ್ದ ಎತ್ತು ಹಗ್ಗ ಹರಕೊಂಡು ಹೋಯಿತು ಎನ್ನುತ್ತಿದ್ದರು. ಎತ್ತು ಯಾಕೆ ಹೋಯಿತೋ ಎತ್ತಿಗೇ ಗೊತ್ತು. ಬಾಯಾರು ಹೇಳಿದ್ದರಲ್ಲಿ ಕಾಲು ಭಾಗ ತೆಗೆದು ನಂಬಬೇಕು ಎಂದು ಅಪ್ಪ ಹೇಳುತ್ತಿದ್ದ.

ನಾಟಕದಲ್ಲಿ ಸಾಯುವ ಪಾರ್ಟು ಇದ್ದರೆ ಅವರಿಗೆ ಕಷ್ಟ. ಹಾಡಿ ಸತ್ತು ಬಿದ್ದ ಮೇಲೆ ಮಂದಿ ‘ವನ್ಸ್ ಮೋರ್’ ಎನ್ನುತ್ತಿದ್ದರು. ಎದ್ದು ಕುಂತು ಹಾಡಿ ಮತ್ತೆ ಸಾಯಬೇಕು. ಸಂಕೇಶ್ವರದಲ್ಲಿ ಒಂದೇ ದಿನ ನಾಲ್ಕು ಸಲ ಸತ್ತೆ ಎಂದು ನಗುತ್ತಿದ್ದರು. ನಿಮಗೆ ಅಳು ಬರುತ್ತಿರಲಿಲ್ಲವೇ ಎಂದು ನಾನು ಕೇಳಿದೆ.

“ಅಳೂದು ಟಿಕೀಟ ತಗೊಂಡವ್ರ ಕೆಲಸವಾ,” ಎಂದರು. “ನಾವ ಅತ್ರ ಹಾಡಾವ್ರು ಯಾರು?”

ಕಂಪನಿಯವರು ಒಮ್ಮೆ ಮುಂಬೈಗೆ ಕರೆದೊಯ್ದು ಗ್ರಾಮಫೋನಿನ ಪ್ಲೇಟು ಮಾಡಿಸಿದ್ದರಂತೆ. ಅವರು ಮೊದಲ ಸ್ವರ ಹಚ್ಚಿದ್ದೇ ತಡ, ಯಂತ್ರದವನು ಓಡಿ ಬಂದು ಹಿಂದೆ ಸರಿಯಿರಿ ಎಂದ. ಸರಿದರು. ಇನ್ನೂ ಸರಿಯಿರಿ ಎಂದ. ಕೊನೆಗೆ ಬಾಗಿಲ ಹೊಸ್ತಿಲ ಮೇಲೆ ನಿಂತು ಹಾಡಿದರು. ಪ್ಲೇಟು ಬಂದ ಮೇಲೆ ಕೇಳಿದರೆ, ಡಬ್ಬಿಯೊಳಗೆ ಸಿಕ್ಕ ನೊಣ ಗುಂಯ್‌ಗುಟ್ಟಿದಂತೆ ಇತ್ತಂತೆ. ಅದನ್ನು ಮತ್ತೆ ಹಚ್ಚಲಿಲ್ಲ. ಮೈಕು ಬಂದ ಮೇಲೆ ಪಿಸುಗುಡುವವರೂ ಗಾಯಕರಾದರು ಎಂದು ಅವರಿಗೆ ಸಿಟ್ಟು. ರೇಡಿಯೋ ಕೇಳುವಾಗ ಪ್ರತಿ ಹಾಡಿಗೂ “ಇದು ಮೂರನೇ ಬಾಕಿಗೂ ಕೇಳಸೂದಿಲ್ಲ” ಎಂದು ತೀರ್ಪು ಕೊಡುತ್ತಿದ್ದರು.

ನಾನು ಹಾಡು ಕಲಿಯಲು ಹೋದವಳಲ್ಲ. ಅವ್ವನ ಕುಬಸದ ಅರಿವೆ ಕೊಡಲು ಹೋಗಿದ್ದೆ. ಮಷಿನ್ನಿನ ಗಾಲಿ ತಿರುಗಿಸುತ್ತ ಅವರು ಏನೋ ಗುನುಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅದನ್ನೇ ಅಂದೆ. ಗಾಲಿ ನಿಂತಿತು. ಇನ್ನೊಮ್ಮೆ ಅನ್ನು ಎಂದರು. ಅಂದೆ. ಮೂಗಿನಿಂದ ಹಾಡುತ್ತಿದ್ದಿ, ಹೊಟ್ಟೆಯಿಂದ ಹಾಡು ಎಂದು ಹೊಟ್ಟೆಗೆ ಬೆರಳಿನಿಂದ ತಿವಿದರು. ಅಂದಿನಿಂದ ಏಳೆಂಟು ವರ್ಷ ದಿನಾ ಮಧ್ಯಾಹ್ನ ನಾನು ಅಲ್ಲೇ. ಸಾಲಿ ಬಿಟ್ಟ ಮೇಲೆ ನನಗೆ ಸಾಲಿ ಅದೇ ಆಯಿತು. ಫೀ ಇಲ್ಲ, ರಜೆಯೂ ಇಲ್ಲ. ತಪ್ಪು ಹಾಡಿದರೆ ಕತ್ತರಿಯ ಹಿಡಿಯಿಂದ ಮೊಣಕಾಲಿಗೆ ಒಂದು ಏಟು. ಅವ್ವ ಕಲಿ ಎಂದಳು, ಮಂದಿಗೆ ಹೇಳಬೇಡ ಎಂದೂ ಹೇಳಿದಳು. ಬಾಯಾರು ಒಳ್ಳೆಯವರು, ಆದರೆ ನಾಟಕದವರು.

ಹಾಡುವ ಮೊದಲು ಅವರು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಬಲಗೈ ಬೆರಳಿನಿಂದ ನೆಲ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಪಡದೆ ಏಳುವ ಮೊದಲು ಕಂಪನಿಯ ಮಂದಿಯೆಲ್ಲ ರಂಗಕ್ಕೆ ಹಾಗೆ ನಮಸ್ಕಾರ ಮಾಡುತ್ತಾರೆ. ನನಗೆ ಯಾರೂ ಅದನ್ನು ಮಾಡು ಎಂದು ಹೇಳಿಕೊಡಲಿಲ್ಲ. ದಿನಾ ನೋಡಿ ನೋಡಿ ನನ್ನ ಕೈಗೂ ಬಂದುಬಿಟ್ಟಿತ್ತು. ಉಸಿರು ತೆಗೆದುಕೊಂಡಷ್ಟೇ ಸಲೀಸು. ಮಾಡುತ್ತಿದ್ದೇನೆ ಎಂದೇ ನನಗೆ ಗೊತ್ತಿರಲಿಲ್ಲ.

ಹದಿನಾರಕ್ಕೆ ಹುಕ್ಕೇರಿಯಿಂದ ನನ್ನನ್ನು ನೋಡಲು ಬಂದರು. ಹುಡುಗ, ಹುಡುಗನ ತಾಯಿ, ಹುಡುಗನ ಕಾಕಾ. ಕಾಕಾ ಗೋಕಾಕದಲ್ಲೇ ಇನ್ನೊಂದು ಓಣಿಯಲ್ಲಿ ಇದ್ದವರು, ಸಂಬಂಧ ತಂದವರೂ ಅವರೇ. ಅದಕ್ಕಿಂತ ಮೊದಲು ಇಬ್ಬರು ನೋಡಿ ಹುಡುಗಿ ಕಪ್ಪು ಎಂದು ಹೋಗಿದ್ದರು. ಆದರೆ ನಾನು ಆ ದಿನ ಮಾಡಿದ್ದಕ್ಕೆ ಅದು ಕಾರಣವಲ್ಲ. ಕಿಟಕಿಯಿಂದ ಹುಡುಗನನ್ನು ನೋಡಿದ್ದೆ. ಕೈಯಲ್ಲಿ ಗಡಿಯಾರ, ಹಿಂದಕ್ಕೆ ಬಾಚಿದ ಕೂದಲು. ನನಗೆ ಬೇಕಾಗಿದ್ದ, ಅಷ್ಟೇ.

ಬೆಳಗಿನಿಂದ ಬಾಯಾರು ನಮ್ಮ ಮನೆಯಲ್ಲೇ ಇದ್ದರು. ಹೆರಳು ಹಾಕಿದವರು ಅವರು, ಸೀರೆ ಉಡಿಸಿದವರು ಅವರು. ಕಂಪನಿಯ ಬಣ್ಣದ ಕೈ, ಮುಖಕ್ಕೆ ಏನು ಹಚ್ಚಿದರೋ ಏನೋ, ಅವ್ವ ನನ್ನನ್ನು ನೋಡಿ ಇದು ನಮ್ಮ ಹುಡುಗಿಯೇನು ಎಂದಳು. ಹುಕ್ಕೇರಿಯವರು ಬಂದ ಮೇಲೆ ಬಾಯಾರು ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಂತರು. ಅಡಿಗೆಮನೆ ಬಾಗಿಲು ಪಡಸಾಲೆಗೆ ನೇರ.

ಅಡಿಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಿ ಆದ ಮೇಲೆ ಕಾಕಾ ಒಂದು ಹಾಡು ಹೇಳಲಿ ಎಂದರು. ಕನ್ಯೆಗೆ ಹಾಡು ಹೇಳಿಸುವುದು ಪದ್ಧತಿ. ಎಲ್ಲ ಹುಡುಗಿಯರೂ ತಲೆ ತಗ್ಗಿಸಿ, ಕೇಳಿಸಿತೋ ಇಲ್ಲವೋ ಎನ್ನುವಂತೆ ಎರಡು ಸಾಲು ದೇವರ ಹಾಡು ಹೇಳಿ ಮುಗಿಸುತ್ತಾರೆ. ನಾನೂ ದೇವರ ಹಾಡನ್ನೇ ಹೇಳಿದೆ. ಆದರೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ, ತಲೆ ಎತ್ತಿದೆ, ಹೊಟ್ಟೆಯಿಂದ ಹಾಡಿದೆ. ಅಂಗಡಿಯಲ್ಲಿ ಸಾಮಾನು ಕಟ್ಟಿಸುತ್ತಿದ್ದವರು ಹಣಕಿ ನೋಡಿದರು.

ಹಾಡು ನಿಲ್ಲಿಸಿದೆ. ಹುಡುಗ ನಗುತ್ತಿದ್ದ, ಅವನಿಗೆ ಹಿಡಿಸಿತ್ತು. ಅವನ ತಾಯಿ ನನ್ನ ಕೈ ನೋಡುತ್ತಿದ್ದರು.

“ನೆಲಾ ಯಾಕ ಮುಟ್ಟಿದಿ?” ಎಂದರು.

ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಯಾರು ಕಲಿಸಿದರು ಈ ಹಾಡನ್ನು ಎಂದು ಕೇಳಿದರು. ಯಾರೂ ಇಲ್ಲ, ರೇಡಿಯೋದಲ್ಲಿ ಕೇಳಿದ್ದು ಎಂದೆ.

“ರೇಡಿಯೋ ನೆಲಾ ಮುಟ್ಟೂದೂ ಕಲಸ್ತೈತೇನು?”

ಕಾಕಾ ಈ ಮಾತಿಗೆ ನೆಟ್ಟಗೆ ಕುಂತರು. ಇದು ಕಂಪನಿಯವರು ಮಾಡುವ ರೀತಿ ಎಂದು ಅವರೇ ಅಂದರು. ಅವರ ಕಣ್ಣು ಅಡಿಗೆಮನೆಯ ಕಡೆ ಹೋಯಿತು. ಅಲ್ಲಿ ಬಾಯಾರು ಬೆನ್ನು ನೆಟ್ಟಗೆ ಮಾಡಿ, ಪೂರಾ ಮುಖ ನಮ್ಮ ಕಡೆ ಮಾಡಿ ಕುಂತಿದ್ದರು. ಹಾಡಿನ ಸಂತೋಷ ಇನ್ನೂ ಅವರ ಮುಖದ ಮೇಲಿತ್ತು. ಅವರು ಯಾರು ಎಂದು ಕಾಕಾ ಕೇಳಿದರು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅಲ್ಲೇ ಕುಂತಿದ್ದ. ಅವರಲ್ಲಿ ಯಾರಾದರೂ ಹೇಳಬಹುದಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಇಲ್ಲಿ ಸ್ಪಷ್ಟ ಬರೆಯಬೇಕು.

“ಅಕಿ ನಮ್ಮನಿ ಮುಸುರಿ ತಿಕ್ಕಾಕ ಬರ್ತಾಳ್ರಿ,” ಎಂದೆ.

ನಮ್ಮ ಕಡೆ ‘ಅಕಿ’ ಎನ್ನುವುದು ಓರಗೆಯವಳಿಗೆ, ಕಿರಿಯಳಿಗೆ, ಕೆಲಸದವಳಿಗೆ. ಎಂಟು ವರ್ಷ ನಾನು ಅವರನ್ನು ‘ಅವರು’ ಬಿಟ್ಟು ಬೇರೆ ಅಂದವಳಲ್ಲ. ಮುಸುರೆಯ ಮಾತು ಆಮೇಲೆ ಬಂತು. ಮೊದಲು ಹೊರಗೆ ಬಿದ್ದದ್ದು ಅಕಿ. ಅಷ್ಟರಲ್ಲೇ ಎಲ್ಲ ಮುಗಿದಿತ್ತು.

ಬಾಯಾರು ಎದ್ದು ಬಂದರು. ಯಾರೂ ಕರೆದಿರಲಿಲ್ಲ. ನಾನು ಕಣ್ಣು ಮುಚ್ಚಿದೆ, ಈಗ ಇವರು ಹೇಳಿಬಿಡುತ್ತಾರೆ ಎಂದು. ತೆರೆದಾಗ ಬೇರೆ ಹೆಂಗಸೊಬ್ಬಳು ಬರುತ್ತಿದ್ದಳು. ಸೆರಗು ಟೊಂಕಕ್ಕೆ ಸಿಕ್ಕಿಸಿದ್ದಳು, ಬೆನ್ನು ಬಾಗಿತ್ತು, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಅಡಿಗೆಮನೆಯಿಂದ ಪಡಸಾಲೆಗೆ ಐದು ಹೆಜ್ಜೆ. ಆ ಐದು ಹೆಜ್ಜೆಯಲ್ಲಿ ಹತ್ತು ವರ್ಷ ಮುದುಕಿಯಾಗಿದ್ದರು. ಧ್ವನಿ ಸಹ ಒಡೆದಿತ್ತು.

“ಕಪ್ಪ ಬಸಿ ತಗೀಲೇನ್ರಿ ಅವ್ವಾರ?” ಎಂದು ಕೇಳಿದ್ದು ನನ್ನನ್ನು. ನಾನು ಹ್ಞೂಂ ಎಂದೆ.

ಕಪ್ಪು ಬಸಿ ಒಂದರ ಮೇಲೊಂದು ಜೋಡಿಸಿಕೊಂಡು ಹಿತ್ತಲ ಕಡೆ ಹೋದರು. ಆವತ್ತು ಮೊದಲ ಸಲ ಅವರ ಬೆನ್ನು ನೋಡಿದೆ. ಹುಡುಗನ ತಾಯಿ ಅವರನ್ನೇ ಹಿತ್ತಲ ಬಾಗಿಲ ತನಕ ನೋಡುತ್ತಿದ್ದರು. ಆಮೇಲೆ ಆಯ್ತು ಬಿಡ್ರಿ ಎಂದು ಎಲೆಅಡಿಕೆ ತಟ್ಟೆಗೆ ಕೈ ಹಾಕಿದರು. ತಟ್ಟೆಗೆ ಕೈ ಹಾಕಿದರೆ ಒಪ್ಪಿಗೆ ಎಂದು ಅರ್ಥ.

ಅವರು ಹೋದ ಮೇಲೆ ಅವ್ವ ನನ್ನ ಕಡೆ ನೋಡಲಿಲ್ಲ. ಬಾಯಾರು ಸೆರಗು ಬಿಚ್ಚಿ ಸರಿ ಮಾಡಿಕೊಂಡು ನನ್ನ ಬಾಜೂ ಕುಂತರು. ಹುಡುಗ ಛಲೋ ಅದಾನ ಎಂದರು. ಆಮೇಲೆ ತಮ್ಮ ಬಲಗೈ ಎತ್ತಿ ನೋಡಿಕೊಂಡರು.

“ಕಪ್ಪ ಹಿಡಿದಾಗ ಕೈ ನಡಗ್ತು, ನೋಡಿದ್ಯಾ? ದಿನಾ ತಿಕ್ಕಾವ್ರಿಗೆ ಹಂಗ ನಡಗೂದಿಲ್ಲ. ಅದೊಂದ ತಪ್ಪಾತು.”

ನಾನು ಏನೂ ಅನ್ನಲಿಲ್ಲ. ತಪ್ಪಾಯಿತು ಎನ್ನುವ ಮಾತು ಅವರೇ ಆಡಿದ್ದರು, ನನ್ನ ಪಾಲಿಗೆ ಅದನ್ನೂ ಉಳಿಸಿರಲಿಲ್ಲ ಎಂದು ಈಗ ನೆಪ ಹೇಳಬಹುದು. ನೆಪವೇ ಅದು. ಅಂದರೆ ಅನ್ನಬಹುದಿತ್ತು.

ಅದು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ನಾಲ್ಕು ದಿನದ ಮೇಲೆ ಕಾಕಾನ ಹೆಂಡತಿ ನಮ್ಮ ಮನೆಗೆ ಬಂದರು. ನಿಮ್ಮ ಮುಸುರೆಯವಳನ್ನು ನಮ್ಮ ಮನೆಗೂ ಕಳಿಸಿ, ನಮ್ಮಲ್ಲಿ ಇದ್ದವಳು ಬಿಟ್ಟು ಹೋಗಿದ್ದಾಳೆ ಎಂದರು. ಅವ್ವ ತೊದಲಿದಳು. ಇಲ್ಲವೆಂದರೆ ಯಾಕೆ ಎಂಬ ಮಾತು ಬರುತ್ತದೆ. ಯಾಕೆ ಎಂಬ ಮಾತು ಬಂದರೆ ಅಕಿ ಯಾರು ಎಂಬ ಮಾತು ಬರುತ್ತದೆ. ಹಿಂದಿನ ಕೋಣೆಯಿಂದ ಬಾಯಾರೇ ಸೆರಗು ಸಿಕ್ಕಿಸಿಕೊಂಡು ಬಂದು, ನಾಳಿಂದ ಬರ್ತೇನ್ರಿ ಅವ್ವಾರ ಎಂದರು.

ಲಗ್ನ ಆಗುವ ತನಕ, ನಾಲ್ಕು ತಿಂಗಳು ಅಷ್ಟೇ ಎಂದು ಮಾತಾಡಿಕೊಂಡೆವು. ಮಾತಾಡಿಕೊಂಡವರು ನಾನು ಮತ್ತು ಅವ್ವ. ಕಾಕಾನ ಹೆಂಡತಿ ಬಾಜೂ ಮನೆಯವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ನಮ್ಮ ಓಣಿಯವರಿಗೆ ಮೊದಲು ತಮಾಷೆ, ಆಮೇಲೆ ರೂಢಿ; ಲಗ್ನ ಮುರಿದ ಪಾಪ ಬೇಡವೆಂದು ಯಾರೂ ಕಾಕಾನ ಮನೆಗೆ ನಿಜ ಮುಟ್ಟಿಸಲಿಲ್ಲ. ಬಾಯಾರ ಹತ್ತಿರ ಕುಬಸ ಹೊಲಿಸುತ್ತಿದ್ದವರು ಮುಸುರಿ ಕೈಲೆ ಮುಟ್ಟಿದ ಕುಬಸ ಯಾಕ ಎಂದು ಬೇರೆ ಕಡೆ ಹೋದರು. ರಿ ಹಚ್ಚಿ ಮಾತಾಡುತ್ತಿದ್ದವರು ಏ ಎಂದು ಕರೆಯತೊಡಗಿದರು. ಕೈಮಷಿನ್ನಿನ ಮೇಲೆ ಬಟ್ಟೆ ಮುಚ್ಚಿದ್ದು ಮುಚ್ಚಿಯೇ ಉಳಿಯಿತು. ಲಗ್ನ ಮುಗಿದ ಮೇಲೆ ಅವ್ವ ಇನ್ನ ಬಿಟ್ಟುಬಿಡ್ರಿ ಬಾಯಾರ ಎಂದಳಂತೆ. ಬಿಟ್ಟರೆ ಕುಬಸ ಯಾರು ಕೊಡುತ್ತಾರೆ ಎಂದರಂತೆ. ಮುಸುರೆ ಹೊಟ್ಟೆಯ ದಾರಿಯಾಗಿ ಹೋಗಿತ್ತು. ಮೇಡಂ ಬರೆದ ವಿಧಿ ಇದೇ.

ನನ್ನ ಲಗ್ನದಲ್ಲಿ ಅವರು ಹಿತ್ತಲಲ್ಲಿ ಹಂಡೆ ತೊಳೆಯುತ್ತಿದ್ದರು. ನನ್ನ ಮುಖಕ್ಕೆ ಬಣ್ಣ ಬೇರೆಯವರು ಹಚ್ಚಿದರು, ಚೆನ್ನಾಗಿ ಬರಲಿಲ್ಲ. ಹಿರಿಯ ಮಗನ ತೊಟ್ಟಿಲ ಕಾರ್ಯಕ್ಕೆ ಕಾಕಾನ ಹೆಂಡತಿ ಅವರನ್ನು ಕೆಲಸಕ್ಕೆಂದು ಹುಕ್ಕೇರಿಗೆ ಕರೆತಂದಿದ್ದರು. ಕೆಲಸದವರಿಗೆ ಕೊಡಲೆಂದು ತಂದ ಸೀರೆಗಳು ಬೇರೆ ಇದ್ದವು, ಬೀಗರಿಗೆ ಕೊಡುವವು ಬೇರೆ. ನಾನು ಕೆಲಸದವರ ಸೀರೆಗಳಿಂದ ಒಂದು ತೆಗೆದು ಕೊಟ್ಟೆ. ಅವರು ಎರಡೂ ಕೈ ಚಾಚಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು. ಕೂಸನ್ನು ನೋಡಲೇನ್ರಿ ಎಂದು ಕೇಳಿದರು. ದೂರದಿಂದ ತೋರಿಸಿದೆ. ಅತ್ತೆ ಅಲ್ಲೇ ಇದ್ದರು.

ನಾನು ಆ ಮನೆಯಲ್ಲಿ ಮತ್ತೆ ಹಾಡಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಗಂಡ ಒಂದೆರಡು ಸಲ ಕೇಳಿದರು. ಬಾಯಿ ತೆಗೆದರೆ ಕೈ ನೆಲಕ್ಕೆ ಹೋಗುತ್ತದೆ ಎಂಬ ಅಂಜಿಕೆ. ಹಾಡು ಹೇಳದಿದ್ದರೆ ಕಲಿಸಿದವರ ಹೆಸರು ಹೇಳುವ ಕಾಲವೂ ಬರುವುದಿಲ್ಲ. ಗಂಟಲು ತಾನಾಗಿ ಹೋಯಿತು. ಈಗ ಮೊಮ್ಮಕ್ಕಳಿಗೆ ಜೋಗುಳ ಹೇಳಿದರೆ ಅವು ಎದ್ದು ಕೂಡುತ್ತವೆ.

ಲಗ್ನವಾಗಿ ಹನ್ನೊಂದು ವರ್ಷಕ್ಕೆ ಅತ್ತೆ ಹಾಸಿಗೆ ಹಿಡಿದರು. ಕಟು ಮಾತಿನ ಹೆಂಗಸು, ಆದರೆ ಅನ್ಯಾಯದವರಲ್ಲ. ಒಂದು ದಿನ ಗಂಜಿ ಕುಡಿಸುವಾಗ ಇದ್ದಕ್ಕಿದ್ದಂತೆ, ಆ ಹಾಡೂ ಬಾಯಿ ಇನ್ನೂ ಗೋಕಾಕದಾಗ ಮುಸುರಿ ತಿಕ್ಕಾಕತ್ತಾಳೇನು ಎಂದು ಕೇಳಿದರು. ನಾನು ಗಂಜಿಯ ಬಟ್ಟಲು ಕೆಳಗಿಟ್ಟೆ. ಯಾವ ಬಾಯಿ ಎಂದು ಕೇಳುವ ಧೈರ್ಯವೂ ಆಗಲಿಲ್ಲ.

ಅತ್ತೆಯ ತವರು ಮೂಡಲಗಿ. ಲಗ್ನವಾದ ವರ್ಷ ಪಂಚಮಿಗೆ ತವರಿಗೆ ಹೋದಾಗ ಊರಿಗೆ ಕಂಪನಿ ಬಂದಿತ್ತಂತೆ. ಒಳ್ಳೆಯ ಮನೆಯ ಹೆಣ್ಣುಮಕ್ಕಳು ನಾಟಕಕ್ಕೆ ಹೋಗುವಂತಿರಲಿಲ್ಲ. ಗೆಳತಿಯರ ಜೊತೆ ಹಿತ್ತಲ ಬಾಗಿಲಿನಿಂದ ಕದ್ದು ಹೋಗಿ ನೋಡಿದ್ದರಂತೆ. ಅಲ್ಲಿ ಬಾಯಾರನ್ನು ನೋಡಿದ್ದರು. ನನ್ನನ್ನು ನೋಡಲು ಬಂದ ದಿನ, ಕಪ್ಪು ಬಸಿ ಎತ್ತಲು ಅವರು ಅಡಿಗೆಮನೆಯಿಂದ ಐದು ಹೆಜ್ಜೆ ನಡೆದು ಬಂದಾಗಲೇ ಗುರುತು ಸಿಕ್ಕಿತ್ತು.

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ಮೈದುನ ಬಾಜೂನ ಕುಂತಿದ್ದ. ನಿನಗ ಹೆಂಗ ಗೊತ್ತ ಅಂದಿದ್ರ ಏನ ಹೇಳ್ಲಿ? ನನ್ನ ಮಾನ ನನಗ ದೊಡ್ಡದಾತು.” ಸ್ವಲ್ಪ ದಮ್ಮು ತೆಗೆದುಕೊಂಡು, “ನೀ ಸುಳ್ಳ ಹೇಳಾಕತ್ತಿದ್ದಿ, ನಾ ನುಂಗಾಕತ್ತಿದ್ದೆ. ಕೆಲಸ ನೆಟ್ಟಗ ಮಾಡಿದಾಕಿ ಅಕಿ ಒಬ್ಬಾಕಿ,” ಎಂದರು.

ಅಂದರೆ ನಾನು ಯಾರಿಗೆ ಅಂಜಿದ್ದೆನೋ ಅವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಸೊಸೆ ಮಾಡಿಕೊಂಡಿದ್ದರು. ಹನ್ನೊಂದು ವರ್ಷ ಬಾಯಾರು ತಿಕ್ಕಿದ ಮುಸುರೆ ಯಾರ ಸಲುವಾಗಿಯೂ ಅಲ್ಲ, ಯಾವುದರ ಸಲುವಾಗಿಯೂ ಅಲ್ಲ. ನಾನು ಅತ್ತೆಯನ್ನು ಕೇಳಿದ್ದು ಒಂದೇ, ನಿಮ್ಮ ಮಗನಿಗೆ ಗೊತ್ತೇನು ಎಂದು. ಇಲ್ಲ ಎಂದರು. ಸಮಾಧಾನವಾಯಿತು. ಇದನ್ನೂ ಬರೆಯಬೇಕಲ್ಲ.

ಆಮೇಲೆ ಅತ್ತೆ ಎರಡು ತಿಂಗಳು ಇದ್ದರು. ಅವರು ತೀರಿ, ದಿವಸ ಮುಗಿದ ಮೇಲೆ ನಾನು ಗೋಕಾಕಕ್ಕೆ ಬಸ್ಸು ಹತ್ತಿದೆ. ಬಾಯಾರಿಗೆ ಹೇಳಬೇಕು, ಕಾಲು ಹಿಡಿಯಬೇಕು, ಬರ್ರಿ ಇನ್ನ ಸಾಕು ಎನ್ನಬೇಕು, ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮನೆಯಲ್ಲಿ ಇರಲಿಲ್ಲ. ಕಾಕಾನ ಮನೆಗೆ ಹೋಗಿದ್ದಾರೆ ಎಂದಳು ಅವ್ವ. ನಾನು ಮುಂಬಾಗಿಲಿಗೆ ಹೋಗದೆ ಹಿತ್ತಲಿನಿಂದ ಹೋದೆ.

ನಳದ ಕೆಳಗೆ ಕುಂತು ಬೂದಿ, ತೆಂಗಿನ ನಾರು ಹಿಡಿದು ಹಿತ್ತಾಳೆ ಪಾತೇಲಿ ತಿಕ್ಕುತ್ತಿದ್ದರು. ಎಪ್ಪತ್ತು ಸಮೀಪಿಸಿತ್ತು. ಬಾಗಿದ ಬೆನ್ನು ಈಗ ಪಾರ್ಟು ಆಗಿರಲಿಲ್ಲ. ಕೊರಳಿಗೆ ಬಟ್ಟೆ ಇರಲಿಲ್ಲ.

ಬಾಯಾರ ಎಂದೆ. ಅವರು ಮೊದಲು ಅಡಿಗೆಮನೆ ಕಿಟಕಿ ನೋಡಿದರು, ಯಾರಾದರೂ ಕೇಳಿಸಿಕೊಂಡರೇನು ಎಂದು. ಆಮೇಲೆ ನನ್ನನ್ನು ನೋಡಿದರು. ನಾನು ಕುಂತು ಒಂದು ಬಟ್ಟಲು ಎತ್ತಿಕೊಂಡು ತಿಕ್ಕಲು ಹೋದೆ. ಕೈಯಿಂದ ಕಸಿದುಕೊಂಡರು. ನಿನಗೆ ಬರುವುದಿಲ್ಲ, ಪಾತ್ರೆಯ ಕಂಠದಲ್ಲಿ ಬೂದಿ ಉಳಿಯುತ್ತದೆ ಎಂದರು.

ಜೋಡಿಸಿದ ಮಾತೆಲ್ಲ ಮರೆತು ಹೋಗಿತ್ತು. ನಮ್ಮತ್ತೆಗೆ ಮೊದಲ ದಿನದಿಂದ ಗೊತ್ತಿತ್ತಂತೆ, ನಿಮ್ಮ ನಾಟಕ ನೋಡಿದ್ದರಂತೆ ಎಂದಷ್ಟೇ ಅಂದೆ. ಅವರ ಕೈ ನಿಂತಿತು. ಈಗ ಬೈಯುತ್ತಾರೆ ಎಂದುಕೊಂಡೆ. ಹನ್ನೊಂದು ವರ್ಷ ಯಾಕೆ ತಿಕ್ಕಿಸಿದಿ ಎಂದು ಕೇಳುತ್ತಾರೆ ಎಂದುಕೊಂಡೆ. ಅದಕ್ಕೆ ತಯಾರಾಗಿಯೇ ಬಂದಿದ್ದೆ.

ಅವರು ಕುಂತಲ್ಲೇ ಪೂರಾ ನನ್ನ ಕಡೆ ತಿರುಗಿದರು.

“ಎಲ್ಲಿ ನೋಡಿದ್ರಂತ?”

“ಮೂಡಲಗಿಯಾಗ್ರಿ.”

“ಯಾವ ಆಟ? ಯಾವ ಪಾರ್ಟ ನಂದು? ಏನಂದ್ರು?”

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಎರಡು ತಿಂಗಳು ದಿನಕ್ಕೆ ಎರಡು ಹೊತ್ತು ಅತ್ತೆಗೆ ಗಂಜಿ ಕುಡಿಸಿದೆ, ಹಾಡಿದವರು ಹೇಗೆ ಹಾಡಿದರು ಎಂದು ಒಂದು ಸಲ ಕೇಳಲಿಲ್ಲ. ಕೇಳಬೇಕು ಎಂದು ತಲೆಗೇ ಬರಲಿಲ್ಲ. ನನ್ನ ತಲೆಯಲ್ಲಿ ನಾನೇ ಇದ್ದೆ. ಬಾಯಾರು ಬೂದಿಗೈ ಹಾಗೇ ಹಿಡಿದುಕೊಂಡು ಕಾಯುತ್ತಿದ್ದರು. ಅವರ ಮುಖ ನೋಡಿದರೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ನೀವು ಹಾಡಿದ್ದು ಸಾಯೂತನಕ ಕಿವಿಯಾಗ ಇತ್ತಂತ್ರಿ,” ಎಂದೆ. “ಅಂಥಾ ಹಾಡು ಮತ್ತ ಕೇಳಿಲ್ಲ ಅಂದ್ರು.”

ಅವರ ಮುಖ ಮೆಲ್ಲಗೆ ಮೊದಲಿನಂತಾಯಿತು. ಪಾತೇಲಿ ಮತ್ತೆ ಎಳೆದುಕೊಂಡರು.

“ಮೂಡಲಗಿಯಾಗ ಕಂಪನಿ ಹಾಕಿದ್ದು ಒಂದ ಸರ್ತಿವಾ,” ಎಂದರು. “ಆ ಮುಕ್ಕಾಂ ಪೂರಾ ನನ್ನ ಗಂಟಲ ಬಿದ್ದಿತ್ತು. ಪಡದೆ ಹಿಂದ ಬ್ಯಾರೆ ಹುಡುಗಿ ಹಾಡಿದ್ಲು. ನಾ ಬರೇ ತುಟಿ ಆಡಿಸೀನಿ.”

ನಾನು ಎದ್ದು ನಿಂತೆ. ಹಿತ್ತಲಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ಕಾಕಾನ ಹೆಂಡತಿ ಒಳಗಿನಿಂದ ಕೇಳಿದರು. ಉತ್ತರ ಕೊಡುವುದು ನನ್ನ ಕೆಲಸವಾಗಿತ್ತು. ಇವರು ನಮ್ಮ ಬಾಯಾರು, ನನ್ನ ಗುರುಗಳು ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಬರುತ್ತಿರಲಿಲ್ಲ. ನಾನು ಬಾಯಿ ತೆರೆಯಲಿ ಎಂದು ಬಾಯಾರು ಕಾದರು. ನನಗೆ ಗೊತ್ತು, ಕಾದರು. ಆಮೇಲೆ ಸೆರಗು ಟೊಂಕಕ್ಕೆ ಸಿಕ್ಕಿಸಿ, ಆ ಒಡಕು ಧ್ವನಿಯಲ್ಲಿ ತಾವೇ ಉತ್ತರ ಕೊಟ್ಟರು.

“ಹುಕ್ಕೇರಿ ಅವ್ವಾರು ಬಂದಾರ್ರಿ.”